ಎಲ್ಲರ ತಾಟಿಗೂ ಒಂದು ತತ್ತಿ

(ಸಂಘದ ವಾರ್ಷಿಕೋತ್ಸವದಲ್ಲಿ ಬಿ.ಎ. ವಿದ್ಯಾರ್ಥಿಯೊಬ್ಬ ಆಡಿದ ಮಾತುಗಳ ಬರಹರೂಪ)



ಸಂಘದ ಅಣ್ಣಂದಿರು ನನಗೆ, "ಕಾಲೇಜು ಕಲಿಯೋ ಹುಡುಗ ನೀನು, ಯಾವುದಾದರೂ ಒಂದು ವಿಷಯ ಹಿಡಿದು ಮಾತಾಡು" ಎಂದು ಹೇಳಿದ್ದರು. ಶಿಕ್ಷಣದ ಬಗ್ಗೆ ಮಾತಾಡುವವರು ಇದ್ದಾರೆ, ಮೀಸಲಾತಿ ಬಗ್ಗೆ ನನಗಿಂತ ತಿಳಿದವರು ಇದ್ದಾರೆ. ನಾನು ತತ್ತಿ ಸಾರಿನ ಬಗ್ಗೆ ಮಾತಾಡ್ತೀನಿ ಅಂದೆ. ಮೊದಲು ಎಲ್ಲರೂ ನಕ್ಕರು. ನೀವೂ ನಗ್ತಾ ಇದ್ದೀರಿ. ನಗ್ರಿ, ತಪ್ಪಿಲ್ಲ. ಆದರೆ ಮಾತು ಮುಗಿಯೋ ಹೊತ್ತಿಗೆ ಇದು ನಗೋ ವಿಷಯ ಹೌದೋ ಅಲ್ಲೋ ನೀವೇ ಹೇಳ್ರಿ.

ನಾನು ಹೇಳುವ ತತ್ತಿ ಸಾರಿಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಮಲಾಯಿ ಯಾವುದೂ ಬೇಕಾಗಿಲ್ಲ. ಆರು ಮಂದಿ ಇರುವ ಮನೆಗೆ ಹೊಟ್ಟೆ ತುಂಬುವಂತೆ, ಬಾಯಿ ಚಪ್ಪರಿಸುವಂತೆ ಮಾಡುವ ಸಾರು. ಅದನ್ನು ಹೇಗೆ ಮಾಡಬೇಕು, ಅದು ಎಲ್ಲಿಂದ ಬಂತು, ಮಾಡಿದ ಮೇಲೆ ಹೇಗೆ ಹಂಚಬೇಕು ಎಂಬ ಮೂರು ಮಾತು ಹೇಳಿ ಕೂಡ್ತೀನಿ.

ಮೊದಲು, ಹಾಲು ಯಾಕೆ ಬೇಡ ಅನ್ನೋದು. ನಮ್ಮ ಮನೆಯಲ್ಲಿ ನನ್ನ ತಮ್ಮನಿಗೆ ಹಾಲು ಆಗಿಬರುವುದಿಲ್ಲ. ಒಂದು ಲೋಟ ಕುಡಿದರೆ ಹೊಟ್ಟೆ ಉಬ್ಬುತ್ತದೆ, ಗುಡುಗುಡು ಅನ್ನುತ್ತದೆ, ಆಮೇಲೆ ಭೇದಿ. ದವಾಖಾನೆಗೆ ಕರೆದುಕೊಂಡು ಹೋದಾಗ ಡಾಕ್ಟರು ಚೆನ್ನಾಗಿ ತಿಳಿಸಿ ಹೇಳಿದರು. ಹಾಲಿನೊಳಗೆ ಲ್ಯಾಕ್ಟೋಸ್ ಎಂಬ ಒಂದು ಬಗೆಯ ಸಕ್ಕರೆ ಇರುತ್ತದೆ. ಅದನ್ನು ಜೀರ್ಣ ಮಾಡುವ ರಸ ಕೂಸುಗಳಿಗೆ ಸಾಕಷ್ಟು ಇರುತ್ತದೆ, ಬೆಳೆದಂತೆ ಬಹಳ ಜನರಿಗೆ ಕಡಿಮೆ ಆಗುತ್ತದೆ. ಇದು ರೋಗ ಅಲ್ಲ, ಮೈಯ ಗುಣ. ಕೆಲವರಿಗೆ ಹಾಲು ಆಗುವುದಿಲ್ಲ, ಮಜ್ಜಿಗೆ ಆಗುತ್ತದೆ. ಇನ್ನು ಕೆಲವರಿಗೆ ಹಾಲಿನ ಪ್ರೋಟೀನೇ ಒಗ್ಗುವುದಿಲ್ಲ. ಅದಕ್ಕೆ ಅಲರ್ಜಿ ಅಂತಾರೆ. ಅಂಥವರಿಗೆ ಒಂದು ಚಮಚ ಮೊಸರು ಬಿದ್ದರೂ ಮೈಮೇಲೆ ದದ್ದು ಏಳಬಹುದು, ಉಸಿರು ಕಟ್ಟಬಹುದು. ಇವೆರಡೂ ಬೇರೆ ಬೇರೆ. ಯಾವುದು ಅನ್ನೋದನ್ನು ಡಾಕ್ಟರನ್ನೇ ಕೇಳಬೇಕು. ತಾಯಿಯ ಎದೆಹಾಲಿಗೂ ನಾನು ಹೇಳುವ ಮಾತಿಗೂ ಸಂಬಂಧವಿಲ್ಲ, ಕೂಸುಗಳಿಗೆ ಅದು ಬೇಕೇ ಬೇಕು.

ಆಗ ನಮ್ಮ ಮನೆಗೆ ಬಂದವರೆಲ್ಲ ಒಂದೇ ಮಾತು. "ಅಯ್ಯೋ, ಹಾಲಿಲ್ಲದೆ ಹುಡುಗ ಹೆಂಗ ಬೆಳೀತಾನವ್ವ?" ಅವ್ವ ಏನೂ ಅನ್ನುತ್ತಿರಲಿಲ್ಲ. ಒಂದು ದಿನ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಇವರ ಅಪ್ಪ ಯಾವ ಹಾಲು ಕುಡದು ಬೆಳದಾನ? ಇವರ ಮುತ್ಯಾ ಯಾವ ತುಪ್ಪ ತಿಂದು ಎತ್ತು ಹೊಡದಾನ?"

ಆ ಒಂದು ಮಾತೇ ನನ್ನನ್ನು ಈ ವಿಷಯಕ್ಕೆ ಹಚ್ಚಿತು.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡ್ತೀನಿ. ಬಹಳ ಜನ ತತ್ತಿಯನ್ನೂ ಹಾಲಿನ ಪದಾರ್ಥದ ಲೆಕ್ಕಕ್ಕೇ ಹಿಡೀತಾರೆ. ಹಾಲು, ಬ್ರೆಡ್ಡು, ತತ್ತಿ ಎಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ, ಅದಕ್ಕೇ ಇರಬೇಕು. ತತ್ತಿಗೂ ಹಾಲಿಗೂ ಏನೂ ಸಂಬಂಧ ಇಲ್ಲ. ಕೋಳಿ ಹಾಲು ಕೊಡೋದಿಲ್ಲ. ಹಾಲು ಆಗದವರು ತತ್ತಿ ತಿನ್ನಬಹುದು. ತತ್ತಿಯೇ ಆಗದವರ ಮಾತು ಬೇರೆ.

ಈಗ ಎರಡನೇ ಮಾತು. ಹಾಲು-ತುಪ್ಪ ಇಲ್ಲದ ಅಡಿಗೆ ನಮ್ಮ ಓಣಿಗಳಲ್ಲಿ ಯಾಕೆ ಇಷ್ಟು ಚೆನ್ನಾಗಿ ಬೆಳೆಯಿತು? ಡಾಕ್ಟರು ಹೇಳಿದ್ದಕ್ಕೆ ಅಲ್ಲ. ಸಿಗುತ್ತಿರಲಿಲ್ಲ, ಅದಕ್ಕೆ. ಊರಿನ ದನ ಕಾದವರು ನಮ್ಮವರು. ಸಗಣಿ ಬಳಿದವರು ನಮ್ಮವರು. ದನ ಸತ್ತರೆ ಹೊತ್ತು ಸಾಗಿಸಿದವರೂ ನಮ್ಮವರೇ. ಹಾಲು ಮಾತ್ರ ನಮ್ಮ ಪಾತ್ರೆಗೆ ಬೀಳುತ್ತಿರಲಿಲ್ಲ.

1936ರಲ್ಲಿ ಬಾಬಾಸಾಹೇಬರು ಲಾಹೋರಿನ ಜಾತ್-ಪಾತ್ ತೋಡಕ ಮಂಡಲದ ಸಮ್ಮೇಳನಕ್ಕಾಗಿ ಒಂದು ಭಾಷಣ ಬರೆದಿದ್ದರು. ಕರೆದವರೇ ಹಿಂದೆ ಸರಿದರು, ಭಾಷಣ ಮಾಡಲಿಕ್ಕೆ ಆಗಲಿಲ್ಲ. ಬಾಬಾಸಾಹೇಬರು ಅದನ್ನು ತಾವೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ನಾವೆಲ್ಲ ಆ ಪುಸ್ತಕದ ಹೆಸರು ಹೇಳ್ತೀವಿ. ಅದರೊಳಗೆ ಒಂದು ಊಟದ ಸಂಗತಿ ಬರುತ್ತದೆ. ಜಯಪುರ ಸಂಸ್ಥಾನದ ಚಕ್ವಾರಾ ಎಂಬ ಹಳ್ಳಿ. ಅಲ್ಲಿಯ ಒಬ್ಬ ಅಸ್ಪೃಶ್ಯ ತೀರ್ಥಯಾತ್ರೆ ಮುಗಿಸಿ ಬಂದು ತನ್ನ ಜನರಿಗೆ ಊಟ ಹಾಕಿಸಿದ. ಅಡಿಗೆಗೆ ತುಪ್ಪ ಬಳಸಿದ್ದ. ಜನ ಊಟಕ್ಕೆ ಕೂತಿದ್ದಾಗ ಸವರ್ಣೀಯರು ನೂರಾರು ಮಂದಿ ಬಡಿಗೆ ಹಿಡಿದುಕೊಂಡು ಬಂದು ಅಡಿಗೆ ಕೆಡಿಸಿದರು, ಉಣ್ಣುತ್ತಿದ್ದವರನ್ನು ಹೊಡೆದರು. ತುಪ್ಪ ಅವನ ದುಡ್ಡಿಂದು. ಉಣ್ಣುವವರು ಅವನ ಜನ. ಆದರೂ ತುಪ್ಪ ತಿನ್ನುವುದು ಅವರ ಅಂತಸ್ತಿಗೆ ಮೀರಿದ್ದು ಎಂಬುದೇ ತಪ್ಪಾಯಿತು.

ಅದು ಹಳೆಯ ಕಾಲ ಅಂತ ಅನ್ನಬೇಡಿ. 2006ರಲ್ಲಿ 'ಅನ್‌ಟಚಬಿಲಿಟಿ ಇನ್ ರೂರಲ್ ಇಂಡಿಯಾ' ಎಂಬ ಪುಸ್ತಕ ಬಂತು. 11 ರಾಜ್ಯಗಳ 565 ಹಳ್ಳಿಗಳಲ್ಲಿ ಮಾಡಿದ ಸಮೀಕ್ಷೆ ಅದು. ಹಾಲಿನ ಸಹಕಾರಿ ಸಂಘಗಳ ವಿಷಯದಲ್ಲಿ ನೋಡಿದರೆ, ಹೆಚ್ಚುಕಡಿಮೆ ಅರ್ಧದಷ್ಟು ಹಳ್ಳಿಗಳಲ್ಲಿ ದಲಿತರ ಮನೆಯ ಹಾಲು ತೆಗೆದುಕೊಳ್ಳಲು ಅಡ್ಡಿ ಇತ್ತು ಎಂದು ಅದರಲ್ಲಿ ಕಂಡುಬಂತು. ಅಂದರೆ ಎಮ್ಮೆ ಕಟ್ಟಿದ ಮೇಲೂ ಕಥೆ ಮುಗಿಯಲಿಲ್ಲ. ಎಮ್ಮೆಗೆ ಜಾತಿ ಇಲ್ಲ, ಅದರ ಹಾಲಿಗೆ ಜಾತಿ ಬಂತು.

ಅದಕ್ಕೇ ಒಂದು ಮಾತು ಬಿಚ್ಚಿ ಹೇಳ್ತೀನಿ. ನಾನು ಹಾಲಿನ ವೈರಿ ಅಲ್ಲ. ಯಾರಿಗೆ ಹಾಲು ಆಗಿಬರುತ್ತದೋ ಅವರು ಕುಡಿಯಲಿ. ತುಪ್ಪ ಇದ್ದವರು ತುಪ್ಪ ತಿನ್ನಲಿ. ಅದು ನಮ್ಮ ಹಕ್ಕು. ಆದರೆ ತುಪ್ಪ ಇಲ್ಲದ ಅಡಿಗೆ ಅಂದರೆ ಕಡಿಮೆ ಅಡಿಗೆ, ಬಡವರ ಅಡಿಗೆ, ಹೇಳಿಕೊಳ್ಳಲಿಕ್ಕೆ ನಾಚಿಕೆ ಆಗುವ ಅಡಿಗೆ ಅಂತ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಅದು ಸುಳ್ಳು. ನಮ್ಮ ಆಯಂದಿರು ಇಲ್ಲದ್ದನ್ನು ನೆನೆಸಿ ಅಳುತ್ತಾ ಕೂಡಲಿಲ್ಲ. ಕೈಗೆ ಸಿಕ್ಕ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಜೋಳದ ಹಿಟ್ಟು ಇಟ್ಟುಕೊಂಡು ಒಂದು ಪೂರ್ತಿ ಅಡಿಗೆಯನ್ನೇ ಕಟ್ಟಿದರು. ಅದು ವಿದ್ಯೆ.

ಮರಾಠಿ ಓದುವವರು ಇಲ್ಲಿ ಬಹಳ ಜನ ಇದ್ದೀರಿ. ಮನೆಯೊಳಗೆ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ಮರಾಠಿ, ಇದು ನಮ್ಮ ಸೋಲಾಪುರ-ಅಕ್ಕಲಕೋಟ ಕಡೆಯವರ ಬಾಳು. ಶಾಹೂ ಪಾಟೋಳೆ ಅವರ 'ಅನ್ನ ಹೇ ಅಪೂರ್ಣಬ್ರಹ್ಮ' ಓದಿ ನೋಡಿರಿ. ಮರಾಠವಾಡದ ಮಹಾರ ಮತ್ತು ಮಾಂಗ ಸಮುದಾಯಗಳ ಅಡಿಗೆಯ ಬಗ್ಗೆ 2015ರಲ್ಲಿ ಬಂದ ಪುಸ್ತಕ. ಅನ್ನವೇ ಪೂರ್ಣಬ್ರಹ್ಮ ಅಂತ ಎಲ್ಲರೂ ಹೇಳ್ತಾರೆ. ಇವರು ಅಪೂರ್ಣ ಅಂದರು. ಯಾರ ಅನ್ನ ಪೂರ್ಣ, ಯಾರ ಅನ್ನ ಅಪೂರ್ಣ ಅಂತ ಆ ಒಂದು ಅಕ್ಷರವೇ ಕೇಳುತ್ತದೆ. 2024ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ನಮ್ಮ ಜಿಲ್ಲೆಯ ಪಕ್ಕದ ಸೀಮೆಯ ಒಲೆಯ ಮಾತು ಜಗತ್ತಿಗೆ ಮುಟ್ಟಿತು. ನಮ್ಮ ಆಯಂದಿರ ಬಾಯಲ್ಲಿರುವುದನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಇನ್ನು ನಮ್ಮ ಕೆಲಸ.

ಈಗ ಸಾರಿಗೆ ಬರೋಣ. ಬರೆದುಕೊಳ್ಳುವವರು ಬರೆದುಕೊಳ್ರಿ. ಗಂಡುಮಕ್ಕಳು ಮೊದಲು ಬರೆದುಕೊಳ್ರಿ.

ಆರು ಮಂದಿಗೆ ಎಂಟು ತತ್ತಿ. ಯಾಕೆ ಎಂಟು ಅಂತ ಮುಂದೆ ಹೇಳ್ತೀನಿ. ಮೂರು ಉಳ್ಳಾಗಡ್ಡಿ. ಒಂದು ಹಿಡಿ ಶೇಂಗಾ. ಎರಡು ಚಮಚ ಎಳ್ಳು. ಅರ್ಧ ಬಟ್ಟಲು ಒಣಕೊಬ್ಬರಿ. ಹತ್ತು-ಹನ್ನೆರಡು ಎಸಳು ಬಳ್ಳೊಳ್ಳಿ, ಒಂದು ತುಂಡು ಹಸಿಶುಂಠಿ, ಒಂದು ಹಿಡಿ ಕೊತ್ತಂಬರಿ. ಜೀರಿಗೆ, ಅರಿಷಿಣ, ಉಪ್ಪು. ಒಂದು ಚಮಚ ಖಾರಪುಡಿ, ಎರಡು ಚಮಚ ಮನೆಯ ಕಾಳಾ ಮಸಾಲೆ. ನಾಲ್ಕು ದೊಡ್ಡ ಚಮಚ ಎಣ್ಣೆ. ಕಡೆಗೆ, ಎರಡು ದೊಡ್ಡ ಚಮಚ ಯೇಸೂರ.

ಯೇಸೂರ ಗೊತ್ತಿಲ್ಲದ ಹುಡುಗರಿಗೆ ಹೇಳ್ತೀನಿ. ಜೋಳ ಅಥವಾ ಸಜ್ಜೆ, ಜೊತೆಗೆ ಕಡಲೆಬೇಳೆ ಹುರಿದು, ಮಸಾಲೆ ಸೇರಿಸಿ ಬೀಸಿ ಇಟ್ಟ ಹಿಟ್ಟು. ಮನೆಗೊಂದು ಅಳತೆ. ಸಾರು ಗಟ್ಟಿ ಆಗಲಿಕ್ಕೆ, ಹೆಚ್ಚು ಮಂದಿಗೆ ಸಾಲಲಿಕ್ಕೆ ಹಾಕ್ತಾರೆ. ಹೋಟೆಲಿನವರು ಮಲಾಯಿ ಹಾಕಿ ಗೋಡಂಬಿ ರುಬ್ಬಿ ಏನು ಮಾಡ್ತಾರೋ ಅದನ್ನು ನಮ್ಮ ಯೇಸೂರ ಮತ್ತು ಶೇಂಗಾ ಕೂಡಿ ಮಾಡುತ್ತವೆ. ಯೇಸೂರ ಇಲ್ಲದಿದ್ದರೆ ಜೋಳದ ಹಿಟ್ಟು ಒಂದೂವರೆ ಚಮಚ, ಕಡಲೆ ಹಿಟ್ಟು ಅರ್ಧ ಚಮಚ ಕೆಂಪಗೆ ಹುರಿದುಕೊಂಡರೂ ನಡೆಯುತ್ತದೆ.

ಮೊದಲು ಎಂಟೂ ತತ್ತಿಯನ್ನು ನೀರಿನಲ್ಲಿ ಬಿಟ್ಟು ನೋಡಬೇಕು. ಅಡ್ಡಬಿದ್ದು ತಳಕ್ಕೆ ಕೂತರೆ ತಾಜಾ. ನೆಟ್ಟಗೆ ನಿಂತರೆ ಹಳೆಯದು, ಬೇಗ ಬಳಸಬೇಕು. ಮೇಲೆ ತೇಲಿದರೆ ಬೇಡ. ಆರು ತತ್ತಿಯನ್ನು ಮುಳುಗುವಷ್ಟು ನೀರಿನಲ್ಲಿ ಇಟ್ಟು, ನೀರು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ ಬೇಯಿಸಬೇಕು. ತೆಗೆದ ಕೂಡಲೆ ತಣ್ಣೀರಿಗೆ ಹಾಕಬೇಕು. ಬಹಳ ಹೊತ್ತು ಕುದಿಸಿದರೆ ಹಳದಿಯ ಸುತ್ತ ಹಸಿರು-ಕಪ್ಪು ಗೆರೆ ಬರುತ್ತದೆ. ಅದು ವಿಷ ಅಲ್ಲ, ತತ್ತಿಯೊಳಗಿನ ಕಬ್ಬಿಣ ಮತ್ತು ಗಂಧಕ ಕೂಡಿ ಆಗುವ ಬಣ್ಣ. ಆದರೆ ರುಚಿ ಕೆಡುತ್ತದೆ. ಇನ್ನೊಂದು ಗುಟ್ಟು. ಇವತ್ತು ಇಟ್ಟ ತತ್ತಿಯ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ. ನಾಲ್ಕೈದು ದಿನದ್ದು ಆದರೆ ಚೆನ್ನಾಗಿ ಸುಲಿಯಲಿಕ್ಕೆ ಬರುತ್ತದೆ.

ಆ ಹೊತ್ತಿಗೆ ಹಂಚಿನ ಮೇಲೆ ಶೇಂಗಾ ಹುರಿಯಬೇಕು. ಆಮೇಲೆ ಕೊಬ್ಬರಿ. ಎಳ್ಳು ಕಡೆಗೆ. ಎಳ್ಳು ಚಟಪಟ ಅಂದ ಕೂಡಲೆ ಇಳಿಸಬೇಕು, ಇಲ್ಲದಿದ್ದರೆ ಕಹಿ. ಎಲ್ಲ ಒಂದೇ ಸಲ ಸುರಿದು ಹುರಿಯಬಾರದು, ಒಂದೊಂದಕ್ಕೆ ಒಂದೊಂದು ಹದ ಇದೆ. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಒಲೆಯ ಕೆಂಡದಲ್ಲಿ ಸುಡಬೇಕು. ಗ್ಯಾಸ್ ಇದ್ದರೆ ಉರಿಯ ಮೇಲೆ ಜಾಳಿಗೆ ಇಟ್ಟು ಸುಡಬಹುದು. ಮೇಲಿನ ಕರಿ ಸಿಪ್ಪೆ ತೆಗೆದು, ಹುರಿದದ್ದೆಲ್ಲ, ಬಳ್ಳೊಳ್ಳಿ, ಶುಂಠಿ, ಅರ್ಧ ಕೊತ್ತಂಬರಿ ಸೇರಿಸಿ ನುಣ್ಣಗೆ ರುಬ್ಬಬೇಕು. ಸುಟ್ಟ ಉಳ್ಳಾಗಡ್ಡಿಯ ಸಿಹಿ ಈ ಸಾರಿನ ಜೀವಾಳ.

ಪಾತೇಲಿಯಲ್ಲಿ ಎಣ್ಣೆ ಕಾಯಿಸಿ, ಸುಲಿದ ತತ್ತಿಗೆ ಮೂರ್ನಾಲ್ಕು ಗೀರು ಹಾಕಿ, ಚಿಟಿಕೆ ಅರಿಷಿಣ, ಉಪ್ಪಿನ ಜೊತೆ ಕೆಂಪಗೆ ಆಗುವ ತನಕ ಹೊರಳಾಡಿಸಿ ತೆಗೆದಿಡಬೇಕು. ಅದೇ ಎಣ್ಣೆಗೆ ಜೀರಿಗೆ, ಆಮೇಲೆ ಸಣ್ಣಗೆ ಹೆಚ್ಚಿದ ಇನ್ನೊಂದು ಉಳ್ಳಾಗಡ್ಡಿ. ಅದು ಕೆಂಪಾದ ಮೇಲೆ ರುಬ್ಬಿದ್ದನ್ನು ಹಾಕಿ, ಬದಿಯಲ್ಲಿ ಎಣ್ಣೆ ಬಿಡುವ ತನಕ ಹುರಿಯಬೇಕು. ಇಲ್ಲಿ ಅವಸರ ಮಾಡಬಾರದು. ಅವಸರ ಮಾಡಿದವರ ಸಾರು ಹಸಿ ವಾಸನೆ ಹೊಡೆಯುತ್ತದೆ. ಉರಿ ಸಣ್ಣ ಮಾಡಿ ಖಾರಪುಡಿ, ಕಾಳಾ ಮಸಾಲೆ ಹಾಕಿ, ಕೂಡಲೆ ಆರು ಲೋಟ ಬಿಸಿನೀರು ಹೊಯ್ಯಬೇಕು. ಯೇಸೂರವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಬಿಡಬೇಕು. ಉಪ್ಪು ಹಾಕಿ ಹದಿನೈದು ನಿಮಿಷ ಕುದಿಸಬೇಕು.

ಈಗ ಉಳಿದ ಎರಡು ತತ್ತಿ. ಅವನ್ನು ಒಡೆದು, ಚಿಟಿಕೆ ಉಪ್ಪು ಹಾಕಿ ಕಡೆದು, ಕುದಿಯುವ ಸಾರಿಗೆ ದಾರದ ಹಾಗೆ ಸುತ್ತ ಬಿಡಬೇಕು. ಒಂದು ನಿಮಿಷ ಸೌಟು ಹಾಕಬಾರದು. ಆಮೇಲೆ ಮೆಲ್ಲಗೆ ತಿರುವಿದರೆ ಸಾರಿನ ತುಂಬ ತತ್ತಿಯ ಎಳೆ ಎಳೆ. ಕಡೆಗೆ ಬೇಯಿಸಿದ ಆರೂ ತತ್ತಿ ಬಿಟ್ಟು, ಐದು ನಿಮಿಷ ಕುದಿಸಿ, ಮೇಲೆ ಕೊತ್ತಂಬರಿ ಹಾಕಿ ಇಳಿಸಬೇಕು. ಜೊತೆಗೆ ಜೋಳದ ರೊಟ್ಟಿ, ಬಿಸಿ ಆದರೂ ಸರಿ, ಕಟಕ ಆದರೂ ಸರಿ. ಒಂದು ಹಸಿ ಉಳ್ಳಾಗಡ್ಡಿ ಗುದ್ದಿ, ನಿಂಬೆ ಹಿಂಡಿಕೊಂಡರೆ ಹಾಲು-ತುಪ್ಪದ ನೆನಪು ಯಾರಿಗೆ ಬರುತ್ತದೆ ಹೇಳ್ರಿ.

ಬರೀ ರುಚಿ ಅಲ್ಲ, ಲೆಕ್ಕವೂ ಇದೆ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಎ ವಿಟಮಿನ್, ಡಿ ವಿಟಮಿನ್, ಬಿ12 ಇರುತ್ತವೆ. ಬಿ12 ಕಾಳುಕಡಿ, ಸೊಪ್ಪಿನಲ್ಲಿ ಸಿಗುವಂಥದ್ದಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಹತ್ತಿರ ಹತ್ತಿರ 10 ಗ್ರಾಂ ಪ್ರೋಟೀನ್. ಮೇಲೆ ಶೇಂಗಾದ್ದು ಬೇರೆ. ಐಸಿಎಂಆರ್ 2020ರಲ್ಲಿ ಹೇಳಿದ ಲೆಕ್ಕದಲ್ಲಿ ದೊಡ್ಡವರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. ಅಂದರೆ 50 ಕಿಲೋ ತೂಕದ ನಮ್ಮ ಅವ್ವನಿಗೆ 41 ಗ್ರಾಂ ಮೇಲೆ ಬೇಕು. ಈ ಒಂದು ಊಟದಲ್ಲಿ ಅದರ ದೊಡ್ಡ ಪಾಲು ಬಂದುಬಿಡುತ್ತದೆ.

ಆದರೆ ತತ್ತಿಯಲ್ಲಿ ಎಲ್ಲವೂ ಇದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಹಾಲಿನಲ್ಲಿರುವಷ್ಟು ಕ್ಯಾಲ್ಸಿಯಂ ತತ್ತಿಯಲ್ಲಿ ಇಲ್ಲ. ಹಾಲು ಬಿಟ್ಟ ಮಕ್ಕಳಿಗೆ ಎಳ್ಳು, ರಾಗಿ, ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಬೇಕು. ನಮ್ಮ ಸಾರಿನಲ್ಲಿ ಎಳ್ಳು ಸುಮ್ಮನೆ ಇಲ್ಲ. ಆಯಂದಿರಿಗೆ ಕ್ಯಾಲ್ಸಿಯಂ ಎಂಬ ಶಬ್ದ ಗೊತ್ತಿರಲಿಲ್ಲ, ಎಳ್ಳು ಗೊತ್ತಿತ್ತು.

ಮನೆಯಲ್ಲಿ ಹಾಲು ಆಗದವರು ಇದ್ದರೆ ಇನ್ನೊಂದು ಎಚ್ಚರಿಕೆ. ಪ್ಯಾಕೆಟ್ ಮಸಾಲೆ, ಬಿಸ್ಕೀಟು, ಬ್ರೆಡ್ಡು, ಪಾವ್ ಇವುಗಳಲ್ಲಿ ಹಾಲು ಅಡಗಿ ಕೂತಿರಬಹುದು. ಹಾಲಿನ ಪುಡಿ, ವೇ, ಕೇಸಿನ್ ಎಂದು ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ಓದು ಬರುವವರು ಓದಿ ಹೇಳಬೇಕು. ನಾವು ಕಲಿತ ಅಕ್ಷರ ಮೊದಲು ಅವ್ವನ ಅಡಿಗೆ ಕಟ್ಟೆಗೆ ಉಪಯೋಗ ಆಗಲಿ.

ಮೂರನೇ ಮಾತಿಗೆ ಬಂದೆ. ಇದೇ ಮುಖ್ಯ. ಆರು ಮಂದಿಗೆ ಎಂಟು ತತ್ತಿ ಯಾಕೆ?

ನಮ್ಮ ಮನೆಗಳಲ್ಲಿ ತತ್ತಿ ಸಾರು ಮಾಡಿದ ದಿನ ಏನು ನಡೆಯುತ್ತದೆ ಅಂತ ನೆನಪು ಮಾಡಿಕೊಳ್ರಿ. ಅಪ್ಪನ ತಾಟಿಗೆ ಎರಡು. ದುಡಿಯುವ ಅಣ್ಣನಿಗೆ ಎರಡು. ಸಣ್ಣ ತಮ್ಮ ಅತ್ತರೆ ಅವನಿಗೆ ಇನ್ನೊಂದು. ಅಕ್ಕ-ತಂಗಿಗೆ ಅರ್ಧ. ಬಂದ ಬೀಗರಿಗೆ ಇದ್ದರೆ ಅವರಿಗೆ ಮೊದಲು. ಕಡೆಗೆ ಅವ್ವ ಕೂಡುತ್ತಾಳೆ. ಪಾತೇಲಿಯಲ್ಲಿ ಬರೀ ರಸ ಉಳಿದಿರುತ್ತದೆ. "ನಂಗ ತತ್ತಿ ಸೇರೂದಿಲ್ಲಪ್ಪ, ಸಾರೇ ರುಚಿ" ಅನ್ನುತ್ತಾಳೆ. ನಾವು ನಂಬುತ್ತೇವೆ. ಎಷ್ಟು ಮಂದಿ ಅವ್ವಂದಿರಿಗೆ ತತ್ತಿ ಸೇರುವುದಿಲ್ಲ ಹೇಳ್ರಿ? ಓಣಿಯ ತುಂಬ ಹೆಂಗಸರಿಗೆಲ್ಲ ಒಂದೇ ಸಲ ತತ್ತಿ ಸೇರದೆ ಹೋಗುತ್ತದೆಯೇ?

ಅವಳು ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಕೂಲಿಗೆ ಹೋಗಿ ಕಳೆ ತೆಗೆದು ಬಂದಿರುತ್ತಾಳೆ. ಸೋಲಾಪುರದಲ್ಲಿ ಆದರೆ ದಿನವೆಲ್ಲ ಕೂತು ಬೀಡಿ ಕಟ್ಟಿರುತ್ತಾಳೆ. ರಕ್ತ ಕಡಿಮೆ ಅಂತ ದವಾಖಾನೆಯವರು ಗುಳಿಗೆ ಕೊಡುವುದು ಅವಳಿಗೇ. ಆದರೂ ಅವಳ ತಾಟಿನಲ್ಲಿ ರಸ ಮಾತ್ರ. ಹೊರಗೆ ನಾವು ಸಮಾನತೆ ಕೇಳ್ತೀವಿ. ಊರಿನವರು ಪಂಕ್ತಿಯಲ್ಲಿ ಭೇದ ಮಾಡಿದರು ಅಂತ ಸಿಟ್ಟಿಗೇಳ್ತೀವಿ, ಏಳಲೇಬೇಕು. ಆದರೆ ಮನೆಯ ಪಂಕ್ತಿಯಲ್ಲಿ ಕಡೆಗೆ ಕೂತವರು ಯಾರು, ಅವರ ತಾಟಿಗೆ ಏನು ಬಿತ್ತು ಅಂತ ತಿರುಗಿ ನೋಡುವುದಿಲ್ಲ.

ತತ್ತಿಯ ಗುಣ ಏನೆಂದರೆ ಅದನ್ನು ಎಣಿಸಲಿಕ್ಕೆ ಬರುತ್ತದೆ. ಬೇಳೆ ಎಣಿಸಲು ಆಗದು, ಪಲ್ಯದಲ್ಲಿ ಯಾರಿಗೆ ಎಷ್ಟು ಬಿತ್ತು ತಿಳಿಯದು. ತತ್ತಿ ಹಾಗಲ್ಲ. ಆರು ಮಂದಿಗೆ ಆರು ತತ್ತಿ ಬೇಯಿಸಿದರೆ ಪ್ರತಿಯೊಬ್ಬರ ತಾಟಿಗೆ ಒಂದೊಂದು ಬೀಳಬೇಕು. ಬೀಳದಿದ್ದರೆ ಕಣ್ಣಿಗೇ ಕಾಣುತ್ತದೆ. ಉಳಿದ ಎರಡು ತತ್ತಿ ಸಾರಿನಲ್ಲಿ ಎಳೆಯಾಗಿ ಕಲೆತಿರುತ್ತವೆ, ಅವು ಎಲ್ಲರ ಪಾಲು. ಎರಡನೇ ಸಲ ಸಾರು ಹಾಕಿಸಿಕೊಂಡವರಿಗೂ ಬರೀ ನೀರು ಬರುವುದಿಲ್ಲ. ಅದಕ್ಕೇ ಎಂಟು.

ನಾನು ಈಗ ವಾರಕ್ಕೊಮ್ಮೆ ಮನೆಯಲ್ಲಿ ಈ ಸಾರು ಮಾಡ್ತೀನಿ, ಭಾನುವಾರ ಸಂಜೆ. ಮೊದಲ ಸಲ ಮಾಡಿದಾಗ ಅವ್ವ ಬಾಗಿಲಲ್ಲಿ ನಿಂತು, "ಗಂಡಸು ಹುಡುಗ ಒಲಿ ಮುಂದ ಕೂತ್ರ ಮಂದಿ ಏನಂತಾರ?" ಎಂದಳು. ಆಯಿ ಒಳಗಿಂದ, "ಉಂಡು ಹೋಗ್ರಿ ಅಂತ ಅನ್ನು" ಎಂದಳು. ತಾಟು ಹಚ್ಚುವಾಗ ನಾನು ಆರೂ ತಾಟು ಒಟ್ಟಿಗೆ ಇಟ್ಟೆ. ಆರಕ್ಕೂ ಒಂದೊಂದು ತತ್ತಿ ಹಾಕಿ ಆಮೇಲೆ ಸಾರು ಬಡಿಸಿದೆ. ಅವ್ವ ತನ್ನ ತತ್ತಿ ಎತ್ತಿ ತಮ್ಮನ ತಾಟಿಗೆ ಹಾಕಲಿಕ್ಕೆ ಹೋದಳು. ತಮ್ಮನೇ ತಾಟು ಹಿಂದಕ್ಕೆ ಎಳೆದುಕೊಂಡ. "ನಂದು ಐತಿ ಅವ್ವ, ನೀ ತಿನ್ನು" ಅಂದ. ಅವಳು ತಿಂದಳು. ಅವಳಿಗೆ ತತ್ತಿ ಚೆನ್ನಾಗಿಯೇ ಸೇರುತ್ತದೆ.

ಮನೆಯಲ್ಲಿ ಎಣಿಸಿದ ತತ್ತಿ ಸಾಲಿಯಲ್ಲೂ ಎಣಿಸಬೇಕು. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಮೊದಲಾದ ಜಿಲ್ಲೆಗಳ ಸಾಲಿ ಮಕ್ಕಳಿಗೆ ಬಿಸಿಊಟದಲ್ಲಿ ತತ್ತಿ ಕೊಡಲಿಕ್ಕೆ ಶುರು ಮಾಡಿತು, ಆಮೇಲೆ ರಾಜ್ಯದ ತುಂಬ ಕೊಟ್ಟಿತು. ತಿನ್ನದವರಿಗೆ ಬಾಳೆಹಣ್ಣು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ವ್ಯವಸ್ಥೆ ಆಯಿತು. ನಮ್ಮ ಮಹಾರಾಷ್ಟ್ರದಲ್ಲಿ 2023ರ ನವೆಂಬರಿನಲ್ಲಿ ವಾರಕ್ಕೊಂದು ತತ್ತಿ ಎಂಬ ಆದೇಶ ಬಂತು. 2025ರ ಜನವರಿಯಲ್ಲಿ, ಅದಕ್ಕೆಂದು ಸರಕಾರ ಬೇರೆ ಹಣ ಕೊಡುವುದಿಲ್ಲ, ಬೇಕಾದರೆ ಜನರ ಸಹಾಯದಿಂದ ಕೊಡಬಹುದು ಎಂದಾಯಿತು. ಗಡಿಯ ಆಚೆ ಆಳಂದ, ಅಫಜಲಪುರ, ಇಂಡಿಯಲ್ಲಿ ನಮ್ಮ ಅತ್ತೆಯ ಮಕ್ಕಳು, ಅಕ್ಕನ ಮಕ್ಕಳು ಕಲಿಯುತ್ತಾರೆ. ಅವರೂ ಕನ್ನಡ ಸಾಲಿ, ಇಲ್ಲಿಯವರೂ ಕನ್ನಡ ಸಾಲಿ. ಒಬ್ಬರ ತಾಟಿನಲ್ಲಿ ತತ್ತಿ ಇದೆ, ಇನ್ನೊಬ್ಬರ ತಾಟಿನಲ್ಲಿ ಇಲ್ಲ. ಹಾಲು ಆಗದ ಹುಡುಗರಿಗೆ, ಮನೆಯಲ್ಲಿ ವಾರಕ್ಕೊಂದು ತತ್ತಿಯೂ ಸಿಗದ ಹುಡುಗರಿಗೆ ಇದು ಸಣ್ಣ ಮಾತು ಅಲ್ಲ.

ತತ್ತಿ ತಿನ್ನದವರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಈ ಓಣಿಯಲ್ಲೂ ತಿನ್ನದವರು ಇದ್ದಾರೆ, ಕೆಲವರು ವಾರ ಹಿಡೀತಾರೆ. ಇದೇ ಸಾರಿಗೆ ತತ್ತಿ ಬದಲು ನೆನೆಸಿದ ಕಡಲೆ ಅಥವಾ ಬದನೆಕಾಯಿ ಹಾಕಿದರೂ ಚೆನ್ನಾಗಿರುತ್ತದೆ. ಅವರು ತಿನ್ನದೆ ಇರಲಿ, ನಾವು ತಿನ್ನೋಣ, ಒಂದೇ ಸಾಲಿನಲ್ಲಿ ಕೂಡೋಣ. ಆದರೆ ಡಬ್ಬಿ ತೆರೆದಾಗ ಮೂಗು ಮುಚ್ಚಿಕೊಳ್ಳುವವರು ಇರುತ್ತಾರೆ. ಖೋಲಿ ಬಾಡಿಗೆ ಕೇಳಲಿಕ್ಕೆ ಹೋದರೆ "ತತ್ತಿ-ಗಿತ್ತಿ ಮಾಡೂದಿಲ್ಲಲ್ಲ?" ಅಂತ ಕೇಳ್ತಾರೆ. ನಿಜವಾಗಿ ಅವರು ಕೇಳುವುದು ತತ್ತಿಯನ್ನಲ್ಲ, ಜಾತಿಯನ್ನು. ಅದು ನಮಗೆ ತಿಳಿಯುತ್ತದೆ. ಕಾಲೇಜಿಗೆ ಹೋಗುವ ನಮ್ಮ ಹುಡುಗ-ಹುಡುಗಿಯರು ಅದಕ್ಕೆ ಹೆದರಿ ಡಬ್ಬಿಯನ್ನು ಗೋಡೆ ಕಡೆ ತಿರುಗಿ ಕೂತು ಉಣ್ಣಬೇಡಿರಿ. ನಡುವೆ ಇಟ್ಟು ಉಣ್ರಿ. ಕೇಳಿದವರಿಗೆ ಯೇಸೂರ ಅಂದರೇನು ಅಂತ ಹೇಳ್ರಿ. ರುಚಿ ನೋಡಿದವರು ಮರುದಿನ ತಾವೇ ಹತ್ತಿರ ಬಂದು ಕೂಡ್ತಾರೆ.

ಸಂಘಕ್ಕೆ ಎರಡು ವಿನಂತಿ ಮಾಡಿ ಮುಗಿಸ್ತೀನಿ. ಒಂದು, ಬರುವ ರಜೆಯಲ್ಲಿ ನಾವು ಹುಡುಗ-ಹುಡುಗಿಯರು ಕೂಡಿ ಓಣಿಯ ಆಯಂದಿರ ಹತ್ತಿರ ಹೋಗಿ, ಅವರ ಯೇಸೂರದ ಅಳತೆ, ಕಾಳಾ ಮಸಾಲೆಯ ಅಳತೆ ಬರೆದುಕೊಳ್ಳೋಣ. ಮನೆಗೊಂದು ಅಳತೆ ಇದೆ, ಅವರು ಹೋದರೆ ಅವರ ಜೊತೆ ಹೋಗುತ್ತದೆ. ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕೋಣ. ಎರಡು, ಏಪ್ರಿಲ್ 14ರ ಜಯಂತಿ ಊಟಕ್ಕೆ ಪ್ರತಿ ವರ್ಷ ಹೆಂಗಸರೇ ನಸುಕಿನಿಂದ ಒಲೆ ಮುಂದೆ ಇರುತ್ತಾರೆ, ಭಾಷಣ ಕೇಳಲಿಕ್ಕೆ ಬರುವ ಹೊತ್ತಿಗೆ ಭಾಷಣ ಮುಗಿದಿರುತ್ತದೆ. ಈ ಸಲ ತತ್ತಿ ಸಾರು ನಾವು ಗಂಡುಮಕ್ಕಳು ಮಾಡೋಣ. ಅವ್ವಂದಿರು, ಅಕ್ಕಂದಿರು ಮುಂದಿನ ಸಾಲಿನಲ್ಲಿ ಕುರ್ಚಿ ಮೇಲೆ ಕೂಡಲಿ. ಮೊದಲ ಪಂಕ್ತಿ ಅವರದೇ ಆಗಲಿ. ಅವರಿಗೆ ತಲೆಗೊಂದು ತತ್ತಿ ಎಣಿಸಿ ಬಡಿಸೋ ಕೆಲಸ ನನಗೆ ಕೊಡ್ರಿ.